ದೀಪ ದೊಡ್ಡದು ಮಾಡು ಅಂದರೆ

ನನ್ನ ವ್ಯಾನಿಗೆ ಹೊಸ ದೀಪ ಬಂದದ್ದು ನಮ್ಮ ಅತ್ತೆಯ ಬಾಯಿಂದ.

ಕಣ್ಣಾಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡವರನ್ನು ಅವರವರ ಮನೆ ಬಾಗಿಲಿಗೆ ಮುಟ್ಟಿಸುವುದು ನನ್ನ ಕೆಲಸ. ಬೆಳಿಗ್ಗೆ ವರಾಂಡದ ಬೆಂಚಿನಲ್ಲಿ ಕರಿ ಕನ್ನಡಕ ಹಾಕಿಕೊಂಡು ಸಾಲಾಗಿ ಕೂತಿರುತ್ತಾರೆ. ನಾನು ಒಬ್ಬೊಬ್ಬರನ್ನೇ ಕೈ ಹಿಡಿದು ಹತ್ತಿಸಿಕೊಳ್ಳುತ್ತೇನೆ. ತೊಂದರೆ ಏನೆಂದರೆ, ವ್ಯಾನು ಸ್ಟಾರ್ಟ್ ಆದ ಕೂಡಲೇ ಮುಂದಿನ ದೀಪಗಳು ತಾವಾಗಿಯೇ ಹತ್ತಿಕೊಳ್ಳುತ್ತಿದ್ದವು, ಹಟ್ಟಹಗಲಾದರೂ ಸರಿ. ರಾತ್ರಿಯ ಹೆಡ್‌ಲೈಟಿಗೆ ಸ್ವಿಚ್ ಇತ್ತು, ಹಗಲಿನ ಈ ಬೆಳಕಿಗೆ ಇರಲಿಲ್ಲ. ಬೆಂಚಿನಲ್ಲಿ ಕೂತವರ ಮುಖದ ಎತ್ತರಕ್ಕೇ ಆ ಬೆಳಕು ಹೋಗಿ ಬಡಿಯುತ್ತಿತ್ತು. ಮೊನ್ನೆ ಕತ್ತರಿ ಆಡಿಸಿಕೊಂಡ ಕಣ್ಣು, ಪಾಪ, ಎಷ್ಟು ತಡೆದೀತು?

ಗಾಡಿಗೆ ಲೈಟು, ಹಾರ್ನು, ಸೀಟ್ ಕವರ್ ಹಾಕುವ ಅಂಗಡಿ ನನ್ನ ಮೈದುನನದು. ಎಲ್ಲರೂ ಅವನನ್ನು ಫೋಕಸ್ ಎಂದೇ ಕರೆಯುತ್ತಾರೆ. ರಜೆಯ ದಿನ ಅವನು ವ್ಯಾನ್ ಒಯ್ಯಲು ಬಂದಾಗ ನಾನು ಮಾರ್ಕೆಟ್ಟಿನಲ್ಲಿದ್ದೆ. ಹಗಲು ಉರಿಯುವ ದೀಪ ಆರಿಸಿ ಕೊಡಬೇಕೆಂದು ಅವನಿಗೆ ಹೇಳಲು ಅತ್ತೆಗೆ ಹೇಳಿ ಹೋಗಿದ್ದೆ. ಆದರೆ ನಮ್ಮ ಅತ್ತೆ ಹುಟ್ಟಿದಾಗಿನಿಂದ 'ದೀಪ ಆರಿಸು' ಎಂದವರಲ್ಲ. ಅದು ಅಪಶಕುನದ ಮಾತು. ಅವರ ಬಾಯಲ್ಲಿ ಅದು ಯಾವಾಗಲೂ 'ದೀಪ ದೊಡ್ಡದು ಮಾಡು'.

"ಮುಂದಿನ ದೀಪ ದೊಡ್ಡದು ಮಾಡಬೇಕಂತೆ ಕಣೋ," ಅಂದರು.

ಮಗ ದೊಡ್ಡದು ಮಾಡಿದ.

ಸಂಜೆ ಬಂದ ವ್ಯಾನು ನೋಡಿ ನಾನು ಬಾಗಿಲಲ್ಲೇ ನಿಂತೆ. ಹಳೆಯ ದೀಪಗಳು ಮಾಯ. ಅವುಗಳ ಜಾಗದಲ್ಲಿ ಊಟದ ತಟ್ಟೆಯಷ್ಟಗಲದ ಗಾಜು, ಒಂದೊಂದರ ಮೇಲೂ ಬಿಳಿ ಬೆಳಕಿನ ಪಟ್ಟಿ, ಸಿಟ್ಟು ಬಂದವರ ಹುಬ್ಬಿನ ಹಾಗೆ. ಎಂಜಿನ್ ಶುರುವಾದರೆ ಸಾಕು, ಆ ಹುಬ್ಬು ಎದುರಿಗಿದ್ದವರ ಕಣ್ಣು ಕುಕ್ಕುತ್ತಿತ್ತು.

ಮರುದಿನ ಆಸ್ಪತ್ರೆಯ ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದು ನಕ್ಕ. "ಏನಕ್ಕಾ, ಮಹಾರಾಣಿ ಥರ ಹಗಲು ದೀವಟಿಗೆ ಹಿಡಿಸ್ಕೊಂಡು ಬರ್ತಿದ್ದೀರಾ!"

ವರಾಂಡದಲ್ಲಿದ್ದವರೆಲ್ಲ ಒಟ್ಟಿಗೆ ಗೋಡೆಯ ಕಡೆ ತಿರುಗಿಬಿಟ್ಟರು. ನಾನು ಇಳಿದು ಎರಡು ಟವೆಲ್ ತಂದು ದೀಪಗಳಿಗೆ ಕಟ್ಟಿದೆ. ಅದನ್ನು ನೋಡಿ ವಾಚ್‌ಮನ್, "ಗಾಡಿಗೂ ಆಪರೇಷನ್ ಆಯ್ತಾ?" ಅಂದ. ಬೆಂಚಿನಲ್ಲಿದ್ದವರೂ ನಕ್ಕರು. ನಗದವರು ದೊಡ್ಡ ಸಿಸ್ಟರ್ ಒಬ್ಬರೇ. ವಾರ್ಡಿನಿಂದ ಮನೆಗೆ ಯಾರು, ಯಾವಾಗ, ಯಾವ ಗಾಡಿಯಲ್ಲಿ ಹೋಗಬೇಕೆಂದು ಹೇಳುವವರು ಅವರೇ.

"ನೋಡಮ್ಮ, ನಾಳೆ ಈ ಬೆಳಕು ಉರಿಸಿಕೊಂಡು ಬಂದ್ರೆ ಗೇಟಿನ ಆಚೆಯೇ ನಿಲ್ಲು. ನಾನು ಬೇರೆ ಗಾಡಿಗೆ ಹೇಳ್ತೀನಿ. ಟವೆಲ್ಲು ಗಿವೆಲ್ಲು ನಡೆಯಲ್ಲ."

"ಎಂಜಿನ್ ಆಫ್ ಮಾಡಿ ತಳ್ಳಿಕೊಂಡು ಬರಲಾ ಸಿಸ್ಟರ್?"

"ಅದು ನಿನ್ನ ಪಾಡು."

ಆ ವ್ಯಾನು, ಆ ಗೇಟು, ಆ ಬೆಂಚು ನನ್ನ ಕೈ ತಪ್ಪಿದರೆ ನನಗೆ ಬೇರೆ ಕೆಲಸ ಗೊತ್ತಿಲ್ಲವೆಂದಲ್ಲ. ಆದರೆ ಹೆದರಿ ನಡೆಯುವವರ ಕೈ ಹಿಡಿದು ಹತ್ತಿಸುವುದನ್ನು ನಾನು ಕಷ್ಟಪಟ್ಟು ಕಲಿತಿದ್ದೆ. ಅದನ್ನು ಒಂದು ಬೆಳಕಿನ ಪಟ್ಟಿಗೋಸ್ಕರ ಬಿಟ್ಟುಕೊಡುವವಳು ನಾನಲ್ಲ.

ಮಧ್ಯಾಹ್ನವೇ ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೈದುನನ ಅಂಗಡಿಗೆ ಹೋದೆ.

"ಆರಿಸಿಕೊಡು," ಅಂದೆ.

"ಆಗಲ್ಲ ಅತ್ತಿಗೆ."

"ಆಗಲ್ವೋ, ಮಾಡಲ್ವೋ?"

"ಎರಡೂ ಅಂತ ಇಟ್ಕೋ. ಅದು ಬರೋದೇ ಹಾಗೆ. ಒಂದು ತೆಗೆದ್ರೆ ಎಲ್ಲಾ ಹೋಗುತ್ತೆ. ಮೇಲಾಗಿ ಎದುರು ಬರೋರಿಗೆ ಗಾಡಿ ಕಾಣ್ಲಿ ಅಂತ ತಾನೇ ಹಗಲು ಲೈಟ್ ಇರೋದು? ಜನ ಹುಡುಕಿಕೊಂಡು ಬಂದು ಹಾಕಿಸ್ಕೋತಾರೆ, ನೀನು ತೆಗಿ ಅಂತೀಯ."

"ನಾನು ಹಾಕು ಅಂದೋಳೇ ಅಲ್ಲ."

ಅವನು ತಾಯಿಯ ಕಡೆ ತಿರುಗಿದ. "ಅಮ್ಮಾ, ನೀನು ದೊಡ್ಡದು ಮಾಡು ಅಂದ್ಯೋ ಇಲ್ವೋ?"

"ಅಂದೆ. ಅದಕ್ಕೇನೀಗ? ದೀಪ ದೊಡ್ಡದು ಮಾಡು ಅಂದ್ರೆ ಏನು ಅಂತ ನನ್ನ ಹೊಟ್ಟೇಲಿ ಹುಟ್ಟಿದೋನಿಗೆ ನಾನು ಬಿಡಿಸಿ ಹೇಳ್ಬೇಕಾ?"

"ಅಯ್ಯೋ, ಅದು ಎಣ್ಣೆ ದೀಪಕ್ಕೆ ಹೇಳೋ ಮಾತು! ಬ್ಯಾಟರಿ ಲೈಟಿಗೆ ಯಾರಾದ್ರೂ ಹಾಗಂತಾರಾ?"

"ದೀಪ ಅಂದ್ರೆ ದೀಪ."

"ಹಾಗಾದ್ರೆ ಈಗ ಸರಿಯಾಗಿ ಬಾಯಿ ಬಿಟ್ಟು ಹೇಳು, ಏನು ಮಾಡ್ಲಿ?"

"ದೊಡ್ಡದು ಮಾಡು," ಅಂದರು ಅತ್ತೆ, ಸೆರಗು ಸರಿಮಾಡಿಕೊಂಡು.

ಪಕ್ಕದಲ್ಲಿ ಸೀಟ್ ಹೊಲಿಯುತ್ತಿದ್ದವನು ಸೂಜಿ ಬಿಟ್ಟು ನಗತೊಡಗಿದ. ಮೈದುನನಿಗೆ ಮುಖ ಕೆಂಪಾಯಿತು. ಅವನು ಮೊಬೈಲ್ ತೆಗೆದು ನೋಡುತ್ತಾ ಕಂಬಕ್ಕೆ ಒರಗಿ ನಿಂತ. ಅವನ ಕೈಯಿಂದ ಕೆಲಸ ಆಗುವುದಿಲ್ಲವೆಂದು ನನಗೆ ಗೊತ್ತಾಯಿತು.

"ಸರಿ ಹಾಗಾದ್ರೆ. ನಾನೇ ತೆಗೀತೀನಿ."

"ತೆಗಿ, ತೆಗಿ. ಆಮೇಲೆ ಕತ್ತಲಲ್ಲಿ ಗೋಡೆಗೆ ಗುದ್ದಿಕೊಂಡು ಬಂದ್ರೆ ನನ್ನ ಕೇಳ್ಬೇಡ."

ಎಂಜಿನ್ ಶುರು ಮಾಡಿ ಬಾನೆಟ್ ಎತ್ತಿದೆ. ಮೊದಲು ಫ್ಯೂಸ್ ಪೆಟ್ಟಿಗೆಗೆ ಕೈ ಹಾಕಿದೆ. ಒಂದು ಕಿತ್ತರೆ ಹಾರ್ನ್ ಸತ್ತಿತು, ಇನ್ನೊಂದು ಕಿತ್ತರೆ ವೈಪರ್ ಮುಷ್ಕರ ಹೂಡಿತು. ಬಿಳಿ ಹುಬ್ಬು ಮಾತ್ರ ನನ್ನನ್ನೇ ಗುರಾಯಿಸುತ್ತಿತ್ತು. ಕಿತ್ತಿದ್ದನ್ನೆಲ್ಲ ಮತ್ತೆ ಸಿಕ್ಕಿಸಿದೆ.

ಅಡುಗೆ ಮನೆಯಲ್ಲಿ ಉಂಡೆ ಬಚ್ಚಿಟ್ಟ ಡಬ್ಬಿ ಯಾವುದೆಂದು ಮಕ್ಕಳು ಪತ್ತೆ ಮಾಡುವುದು ಡಬ್ಬಿ ನೋಡಿಯಲ್ಲ, ತಾಯಿಯ ಮುಖ ನೋಡಿ. ನಾನೂ ವೈರುಗಳನ್ನು ಬಿಟ್ಟು ಮೈದುನನ ಮುಖ ನೋಡಿದೆ. ದಪ್ಪ ಕರಿ ವೈರಿಗೆ ಬೆರಳು ಇಟ್ಟೆ. ಅವನು ಮೊಬೈಲಿನಲ್ಲಿ ಮುಳುಗಿದ್ದ. ಕೆಂಪಿನ ಮೇಲೆ ಇಟ್ಟೆ. ಆಕಳಿಸಿದ. ಎಡಗಡೆ ದೀಪದ ಬೆನ್ನಿನಿಂದ ಸಣ್ಣದೊಂದು ನೀಲಿ ವೈರು ಹೊರಟಿತ್ತು. ಅದರ ಹತ್ತಿರ ಕೈ ಹೋದದ್ದೇ ತಡ, ಮೊಬೈಲ್ ಜೇಬಿಗೆ ಇಳಿಯಿತು.

"ಅತ್ತಿಗೆ, ಅಲ್ಲಿ ಬಿಸಿ ಇರುತ್ತೆ. ಕೈ ತೆಗಿ."

ತೆಗೆದೆ. ಕರಿ ವೈರಿಗೆ ವಾಪಸ್ ಹೋದೆ. ಮೊಬೈಲ್ ಮತ್ತೆ ಹೊರಗೆ ಬಂತು. ಸುಮ್ಮನೆ ನೀಲಿಯ ಕಡೆ ಬೆರಳು ತೋರಿಸಿದೆ.

"ಅದು ಬೇಡ ಅಂದ್ನಲ್ಲ!"

"ಥ್ಯಾಂಕ್ಸ್ ಕಣಪ್ಪ," ಎಂದು ನೀಲಿ ವೈರಿನ ಜೋಡಣೆ ಎಳೆದು ಬಿಡಿಸಿದೆ. ಎಡಗಡೆ ಹುಬ್ಬು ಮಾಯ. ಬಲಗಡೆಯದನ್ನೂ ಹಾಗೇ ಬಿಡಿಸಿದೆ. ಅತ್ತೆ ಸೀಟಿನಲ್ಲಿ ಕೂತೇ ನನ್ನ ಮಾತಿನಂತೆ ಹೆಡ್‌ಲೈಟ್ ಸ್ವಿಚ್ ತಿರುಗಿಸಿದರು. ದೊಡ್ಡ ದೀಪಗಳು ಧಾರಾಳವಾಗಿ ಹತ್ತಿದವು, ತಿರುಗಿಸಿದರೆ ಹೋದವು. ಒಂದು ತೆಗೆದರೆ ಎಲ್ಲಾ ಹೋಗುತ್ತದೆ ಎಂದವನು ನೆಲ ನೋಡುತ್ತಿದ್ದ.

"ಯಾರ ಗಾಡಿಗೂ ಇಂಥ ಲೈಟ್ ಹಾಕಿಲ್ಲ ಅತ್ತಿಗೆ. ನಿಂಗೆ ಅಂತ ಒಳ್ಳೇದೇ ಆರಿಸಿ ತಂದಿದ್ದೆ," ಅಂದ. ದನಿ ಮೆತ್ತಗಾಗಿತ್ತು.

"ಒಳ್ಳೇದೇ ಕಣೋ. ದೊಡ್ಡ ದೀಪ ಇರಲಿ, ತೆಗೆಸಲ್ಲ. ಮಂಜಿದ್ರೆ, ಮಳೆ ಬಂದ್ರೆ ನಾನೇ ಹಾಕ್ಕೋತೀನಿ, ಹಗಲಾದ್ರೂ ಸರಿ. ಆದ್ರೆ ಯಾವಾಗ ಹಾಕ್ಬೇಕು, ಯಾವಾಗ ಬೇಡ ಅಂತ ಹೇಳೋಳು ನಾನು. ಗಾಡಿ ನನಗೆ ಹೇಳೋದು ಬೇಡ, ನೀನೂ ಹೇಳೋದು ಬೇಡ."

ಅವನು ಡ್ರಾಯರಿನಿಂದ ಟೇಪಿನ ಸುರುಳಿ ತಂದ. "ಎಂಜಿನ್ ನಿಲ್ಸು. ಬಿಟ್ಟ ವೈರ್ ಗಾಡಿಯ ಮೈಗೆ ತಾಗಿದ್ರೆ ಫ್ಯೂಸ್ ಹೋಗುತ್ತೆ. ಸರಿ ಆಚೆ," ಎಂದು ಗೊಣಗುತ್ತಾ ಎರಡೂ ತುದಿಗಳಿಗೆ ಬಿಗಿಯಾಗಿ ಸುತ್ತಿದ. ನಾನು ಸರಿದು ಜಾಗ ಕೊಟ್ಟೆ. ಕಟ್ಟುವುದರಲ್ಲಿ ಅವನ ಕೈ ನನಗಿಂತ ಚೊಕ್ಕ.

ಬೆಳಿಗ್ಗೆ ಗೇಟಿನಲ್ಲಿ ವಾಚ್‌ಮನ್ ಬಗ್ಗಿ ನೋಡಿ ದಾರಿ ಬಿಟ್ಟ. ವ್ಯಾನನ್ನು ನೇರವಾಗಿ ವರಾಂಡದ ಎದುರಿಗೇ ನಿಲ್ಲಿಸಿದೆ. ಎಂಜಿನ್ ನಿಲ್ಲಿಸಲಿಲ್ಲ, ಬೇಕೆಂದೇ. ದೊಡ್ಡ ಸಿಸ್ಟರ್ ಬಂದು ಬಾನೆಟ್ಟಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಇವತ್ತೇನೋ ಸರಿ. ನಾಳೆ ಮತ್ತೆ ಹತ್ತಿಕೊಂಡ್ರೆ?"

"ನಾಳೆನೂ ಬರ್ತೀನಿ. ಹೀಗೇ ಎದುರಿಗೆ ನಿಂತು ನೋಡಿ. ನಾಡಿದ್ದೂ ನೋಡಿ. ಹತ್ತಿದ ದಿನ ನೀವು ಹೇಳೋದೇ ಬೇಡ, ಗೇಟಿನಿಂದ ನಾನೇ ತಿರುಗಿಸ್ಕೊಂಡು ಹೋಗ್ತೀನಿ. ಬೇರೆ ಗಾಡಿಗೆ ಹೇಳಿಟ್ಟಿದ್ರೆ, ಬರೋದು ಬೇಡ ಅಂತ ಹೇಳಿಬಿಡಿ."

ಅವರು ಪಕ್ಕಕ್ಕೆ ಸರಿದು, ಬೆಂಚಿನ ತುದಿಯಲ್ಲಿದ್ದ ಅಜ್ಜಿಯ ಭುಜ ತಟ್ಟಿ ಎಬ್ಬಿಸಿದರು. ನಾನು ಇಳಿದು ಕೈ ಕೊಟ್ಟೆ. ಅಜ್ಜಿ ಕರಿ ಕನ್ನಡಕದೊಳಗಿಂದ ವ್ಯಾನಿನ ಮುಖವನ್ನೇ ನೋಡುತ್ತಾ, ಕೈ ಅಡ್ಡ ಹಿಡಿಯದೆ, ತಲೆ ತಗ್ಗಿಸದೆ ನಡೆದು ಬಂದಳು. ಮೆಟ್ಟಿಲ ಮೇಲೆ ಕಾಲಿಟ್ಟು ನಿಂತು ಕೇಳಿದಳು:

"ಗಾಡಿ ಚಾಲೂ ಮಾಡಿದ್ದೀಯೇನಮ್ಮ?"

"ಆಗಲೇ ಮಾಡಿದ್ದೀನಿ ಅಜ್ಜಿ. ಹತ್ತಿ, ಹೋಗೋಣ."