ಗುರಿ ಮುಟ್ಟಿದ ಮಕ್ಕಳು

ಪಾಠದ ಗುರಿಯಲ್ಲಿ 'ಹೇಳುತ್ತಾರೆ' ಎಂಬುದನ್ನು ಹೊಡೆದುಹಾಕಿ 'ತೋರಿಸುತ್ತಾರೆ' ಎಂದು ಬರೆದ ಮೇಲೂ ಶಿಕ್ಷಕನಿಗೆ ಸಮಾಧಾನವಾಗಲಿಲ್ಲ.

ಮಕ್ಕಳು ನೀರಿನ ಮೂರು ರೂಪಗಳನ್ನು ತೋರಿಸುತ್ತಾರೆ. ಸರಿ, ಗುಬ್ಬಿ ತೋರಿಸುತ್ತಾಳೆಯೇ? ಹಾಗೆಂದು ಮಕ್ಕಳು ಹೆಸರಿಟ್ಟ ಆ ಹುಡುಗಿ ಶಾಲೆಗೆ ಸೇರಿ ಎರಡು ವರ್ಷವಾದರೂ ಒಂದು ದಿನವೂ ತುಟಿ ಬಿಚ್ಚಿರಲಿಲ್ಲ. ಪಾಠದ ಗುರಿಯಲ್ಲಿ ಎಲ್ಲ ಮಕ್ಕಳಿಗೂ ಜಾಗವಿರಬೇಕೆಂದು ಸುತ್ತೋಲೆ ಬಂದಿತ್ತು. ಇವತ್ತು ತಪಾಸಣೆಗೆ ಬರುವ ಸಾಹೇಬರಂತೂ, ಗುರಿ ಮುಟ್ಟದ ಮಗು ಕಂಡರೆ ದೂರದ ವಿಶೇಷ ಶಾಲೆಗೆ ಕಳಿಸಿ ಎಂದು ಬರೆದು ಕೈತೊಳೆದುಕೊಳ್ಳುವವರು. ಗುಬ್ಬಿಯನ್ನು ಉಳಿಸಿಕೊಳ್ಳಬೇಕಿತ್ತು. ತನ್ನ ಮಾನವನ್ನೂ.

"ತಿಂಡಿ ಆರ್ತಾ ಇದೆ," ಎಂದಳು ಹೆಂಡತಿ.

"ಒಂದೇ ಪದ. ಆಯ್ತು."

"ನಿನ್ನೆನೂ ಒಂದೇ ಪದ ಅಂದ್ರಿ. ಮನೇಲಿ ಅಷ್ಟೂ ಆಡಲ್ಲ ನೀವು."

ನಗಬೇಕಾದ ಮಾತೆಂದು ಹೊಳೆದು ಅವನು ನಕ್ಕ. ಅಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು.

ಶಾಲೆಯಲ್ಲಿ ಗುಬ್ಬಿಯ ಪಕ್ಕ ದಿನವೂ ಕೂರುವ ಸಹಾಯಕಿ ಅವನ ಪುಸ್ತಕಕ್ಕೆ ಇಣುಕಿದಳು. ವಯಸ್ಸಾದ ಹೆಂಗಸು, ಮುಚ್ಚುಮರೆ ಇಲ್ಲದವಳು.

"ಸಾರ್, ನಾನು ಪಕ್ಕದಲ್ಲಿದ್ರೆ ಅವಳು ಐಸ್ ತೋರಿಸ್ತಾಳೆ, ಆವಿನೂ ತೋರಿಸ್ತಾಳೆ. 'ನೆರವಿನಿಂದ' ಅಂತ ಒಂದು ಮಾತು ಸೇರಿಸಿಬಿಡಿ."

"ನೋಡೋಣ."

ಸೇರಿಸಲಿಲ್ಲ. ನೆರವು ಎಂದು ಕಂಡರೆ ಸಾಹೇಬರು ಹುಳುಕು ಹುಡುಕುತ್ತಾರೆ. ಹೊಡೆದು, ತಿದ್ದಿ, ಕೊನೆಗೆ ಬರೆದ: 'ಎಲ್ಲ ಮಕ್ಕಳೂ ತಮ್ಮದೇ ರೀತಿಯಲ್ಲಿ ಭಾಗವಹಿಸುತ್ತಾರೆ.' ಇದರಿಂದ ಯಾರೂ ಹೊರಗೆ ಬೀಳುವಂತಿರಲಿಲ್ಲ. ಸುಮ್ಮನೆ ಕೂತವರೂ ಗೆದ್ದಂತೆಯೇ. ಅಬ್ಬಾ, ಎಂದು ಉಸಿರು ಬಿಟ್ಟ. ಜೊತೆಗೇ ಸಣ್ಣ ನಾಚಿಕೆಯೂ ಆಯಿತು.

ಪಾಠ ನಡೆಯಿತು. ಗುಬ್ಬಿ ನೀರಿನ ಲೋಟದ ಮೇಲೆ ಅಂಗೈ ಇಟ್ಟು ಕೂತಿದ್ದಳು. ಸಾಹೇಬರು ಅವಳೆದುರು ನಿಂತರು.

"ಇವಳು?"

"ಭಾಗವಹಿಸ್ತಿದ್ದಾಳೆ ಸಾರ್. ಅವಳದೇ ರೀತೀಲಿ."

ಸಾಹೇಬರು ಗುರಿಯನ್ನು ಓದಿಕೊಂಡು ಹಾಳೆಗೆ ಗುರುತು ಹಾಕಿದರು. "ಭೇಷ್. ಎಲ್ಲರೂ ಮುಟ್ಟಿದ್ದಾರೆ. ಮತ್ತೆ ಈ ಸಹಾಯಕಿ ಯಾಕ್ರೀ ಇಲ್ಲಿ? ನೆರವು ಬೇಕು ಅಂತ ಎಲ್ಲೂ ಬರೆದಿಲ್ವಲ್ಲ?"

"ಅದು... ಮೊದಲಿಂದ..."

"ಬೇಕಾ, ಬೇಡ್ವಾ?"

ಬೇಕು ಎಂದರೆ ಗುರಿ ಸುಳ್ಳು, ಗುಬ್ಬಿ ವಿಶೇಷ ಶಾಲೆಗೆ. ಸಹಾಯಕಿ ಅವನನ್ನೇ ನೋಡುತ್ತಿದ್ದಳು.

"ಹಾಗೇನಿಲ್ಲ ಸಾರ್."

"ಪಕ್ಕದ ಶಾಲೇಲಿ ಜನ ಇಲ್ಲ ಅಂತ ಬಾಯಿ ಬಡ್ಕೊಳ್ತಿದ್ದಾರೆ. ಇವರು ಈಗ್ಲೇ ನನ್ನ ಜೊತೆ ಬರಲಿ."

ಸಹಾಯಕಿ ಚೀಲ ಹೆಗಲಿಗೇರಿಸಿ ಎದ್ದಳು. ಹೆಜ್ಜೆ ಇಡಲಾಗಲಿಲ್ಲ. ಗುಬ್ಬಿ ಅವಳ ಮಣಿಕಟ್ಟು ಹಿಡಿದಿದ್ದಳು. ಅಳುವಿಲ್ಲ, ಸದ್ದಿಲ್ಲ, ಹಿಡಿತ ಮಾತ್ರ.

"ನೀವೇ ಬಿಡಿಸಿ ಸಾರ್," ಎಂದಳು ಸಹಾಯಕಿ. "ನನ್ನ ಕೈಲಾಗಲ್ಲ."

ಬಾಗಿಲಲ್ಲಿ ಸಾಹೇಬರು ಗಡಿಯಾರ ನೋಡಿಕೊಂಡರು. ಅವನು ಬೆಂಚಿನ ಪಕ್ಕ ಮಂಡಿಯೂರಿದ. ಇಷ್ಟು ಹತ್ತಿರದಿಂದ ಆ ಮುಖವನ್ನು ಅವನು ಎಂದೂ ನೋಡಿರಲಿಲ್ಲ. ಅವಳ ಹೆಬ್ಬೆರಳನ್ನು ಮೆಲ್ಲನೆ ಮೇಲೆತ್ತಿದ.

"ಒಂದು," ಎಂದಿತು ಮುಂದಿನ ಬೆಂಚು.

ತಲೆ ಎತ್ತದೆ ಮುಂದಿನ ಬೆರಳು ಬಿಡಿಸಿದ.

"ಎರಡು!" ಈಗ ಅರ್ಧ ತರಗತಿ. ಸಾಹೇಬರು ನಕ್ಕರು. ಮೂರು. ನಾಲ್ಕು. ಮಕ್ಕಳೆಲ್ಲ ಎದ್ದು ನಿಂತಿದ್ದರು. ಎಷ್ಟು ಚೆನ್ನಾಗಿ ಭಾಗವಹಿಸುತ್ತಿದ್ದರು.

"ಐದು!" ಎಂದು ಇಡೀ ತರಗತಿ ಕೂಗಿ ಚಪ್ಪಾಳೆ ತಟ್ಟಿತು.

ಗುಬ್ಬಿಯ ಕಿರುಬೆರಳು ಇನ್ನೂ ಹಿಡಿತ ಬಿಟ್ಟಿರಲಿಲ್ಲ.