ಬ್ಯಾಂಡೇಜಿನ ಹಸಿರು

ಬಿ.ಎಸ್ಸಿ. ಮೊದಲ ವರ್ಷದ ತರಗತಿಯಲ್ಲಿ ಅವಳು ಕೊನೆಯ ಬೆಂಚಿನವಳು. ಸೂಕ್ಷ್ಮಜೀವಿಗಳ ಪಾಠ ತಲೆಗೆ ಹತ್ತುತ್ತಿರಲಿಲ್ಲ. ನಾಲಿಗೆ ಹೊರಳದ ಹೆಸರುಗಳು. ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿದ್ದದ್ದು ಹೆಚ್ಚಾಗಿ ಅವಳದೇ ರೆಪ್ಪೆಗೂದಲು. ಮನಸ್ಸೆಲ್ಲ ಮನೆಯಲ್ಲಿತ್ತು. ದರ್ಜಿ ಕೆಲಸದ ಅಜ್ಜನಿಗೆ ಪಾದದ ಅಂಚಿನಲ್ಲಿ ಎದ್ದ ಹುಣ್ಣು ಮೂರು ತಿಂಗಳಾದರೂ ಮಾಯುವ ಹೆಸರೆತ್ತಿರಲಿಲ್ಲ. ಸಕ್ಕರೆ ಕಾಯಿಲೆ ಬೇರೆ. ಡಾಕ್ಟರು ಎರಡು ಬಗೆಯ ಮಾತ್ರೆ ಕೊಟ್ಟು ನೋಡಿದ್ದರು. ದಿನಾ ಸಂಜೆ ಬ್ಯಾಂಡೇಜು ಬಿಚ್ಚಿ ಕಟ್ಟುವ ಕೆಲಸ ಅವಳದು.

ಆ ದಿನ ಪ್ರಯೋಗಾಲಯದಲ್ಲಿ ಮೇಡಂ ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ತಟ್ಟೆಗಳನ್ನು ತೋರಿಸುತ್ತಿದ್ದರು. ಯಾರೂ ಮೂಸಬಾರದು ಎಂದು ಮೊದಲೇ ತಾಕೀತು ಮಾಡಿದ್ದರು. ಆದರೆ ನಾಲ್ಕನೇ ತಟ್ಟೆಯ ಮುಚ್ಚಳ ಕೊಂಚ ಸರಿಸಿದಾಗ ವಾಸನೆ ತಾನಾಗಿಯೇ ಬಂತು. ಮಾಗಿ ಹುಳಿತ ದ್ರಾಕ್ಷಿಯ ಸಿಹಿ. ತಳದ ಜೆಲ್ಲಿಯಂಥ ಪದರ ಹಸಿರಿಗೆ ತಿರುಗಿತ್ತು. ಮುಲಾಮಿನ ಬಣ್ಣ ಎಂದುಕೊಂಡು ದಿನವೂ ಎಸೆಯುತ್ತಿದ್ದ ಬ್ಯಾಂಡೇಜಿನ ಹಸಿರು ಇದೇ. ವಾಸನೆಯೂ ಇದೇ.

ತರಗತಿ ಮುಗಿದ ಮೇಲೆ ತಡವರಿಸುತ್ತ ಮೇಡಂಗೆ ಎಲ್ಲ ಹೇಳಿದಳು. ನಾಳೆ ಒಂದು ಬ್ಯಾಂಡೇಜು ತಂದರೆ ಇಲ್ಲೇ ಬೆಳೆಸಿ ನೋಡಬಹುದೇ ಎಂದು ಕೇಳಿದಳು.

"ಬೇಡಮ್ಮ. ಬರೀ ಬಣ್ಣ, ವಾಸನೆ ನೋಡಿ ಇದೇ ಅಂತ ಹೇಳೋಕೆ ಆಗಲ್ಲ. ಕೀವನ್ನ ಕಲ್ಚರ್‌ಗೆ ಕಳಿಸಿ ಅಂತ ಡಾಕ್ಟರನ್ನೇ ಕೇಳು. ಯಾವ ಔಷಧಿಗೆ ಬಗ್ಗುತ್ತೆ ಅನ್ನೋದೂ ಅದರಲ್ಲೇ ಗೊತ್ತಾಗುತ್ತೆ."

ಮರುದಿನ ಕ್ಲಾಸಿಗೆ ಚಕ್ಕರ್ ಹೊಡೆದು ಅಜ್ಜನನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಆಗಲೇ ಮೂರನೇ ಮಾತ್ರೆಯ ಹೆಸರು ಬರೆಯತೊಡಗಿದ್ದರು.

"ಸರ್, ಮೊದಲು ಕೀವು ಪರೀಕ್ಷೆ ಮಾಡ್ಸಿ. ಅಲ್ಲೀವರೆಗೂ ನಾವು ಇಲ್ಲಿಂದ ಏಳಲ್ಲ," ಎಂದಳು.

"ನಾನಂತೂ ಏಳೋ ಸ್ಥಿತೀಲೇ ಇಲ್ಲ," ಎಂದ ಅಜ್ಜ.

ಡಾಕ್ಟರು ನಕ್ಕು ಚೀಟಿ ಬದಲಿಸಿದರು.

ಮೂರನೇ ದಿನ ವರದಿ ಬಂತು. ನಾಲ್ಕನೇ ತಟ್ಟೆಯಲ್ಲಿ ಕಂಡ ಅದೇ ಬ್ಯಾಕ್ಟೀರಿಯಾ, ಕೊಟ್ಟಿದ್ದ ಎರಡೂ ಮಾತ್ರೆಗಳಿಗೆ ಜಗ್ಗುವಂಥದ್ದಲ್ಲ. ಮೊದಲೇ ಪರೀಕ್ಷೆ ಮಾಡಿಸಬೇಕಿತ್ತು ಎಂದು ಡಾಕ್ಟರೇ ಒಪ್ಪಿಕೊಂಡು ಇಂಜೆಕ್ಷನ್ ಶುರುಮಾಡಿದರು. ಅಷ್ಟರಲ್ಲಿ ಆ ಕಾಲಿನ ಕಿರುಬೆರಳು ಕಪ್ಪಾಗಿತ್ತು; ತೆಗೆಯಲೇಬೇಕಾಯಿತು. ಅಂದು ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಆ ಪಾಠ ಒಂದು ತಿಂಗಳು ಮುಂಚೆ ಬಂದಿದ್ದರೆ ಎಂಬ ಕೊರಗು ಅವಳನ್ನು ಬಿಡಲಿಲ್ಲ.

ಆದರೆ ಪಾದ ಉಳಿಯಿತು. ಎರಡು ತಿಂಗಳಿಗೆ ಗಾಯ ಒಣಗಿತು. ಅಜ್ಜ ಮತ್ತೆ ಹೊಲಿಗೆ ಯಂತ್ರ ತುಳಿಯಲು ಕೂತಾಗ ಮೊದಲು ಹೊಲಿದದ್ದು ಮೊಮ್ಮಗಳಿಗೊಂದು ಲ್ಯಾಬ್ ಕೋಟು. ಕೈ ತಪ್ಪಿ, ಒಂದು ಜೇಬು ಮೇಲೆ, ಇನ್ನೊಂದು ಕೆಳಗೆ ಬಂದಿತ್ತು. ಬಿಚ್ಚಿ ಸರಿಮಾಡಿಕೊಡುತ್ತೇನೆ ಎಂದು ಎಷ್ಟು ಹೇಳಿದರೂ ಅವಳು ಕೊಡಲಿಲ್ಲ. ಹಾಗೇ ತೊಟ್ಟುಕೊಂಡು ಕಾಲೇಜಿಗೆ ಹೋದಳು.