ಸುಣ್ಣದ ಗುರುತು

ಬಾನೆಟ್ ಎತ್ತಿದ ಕೂಡಲೇ ಮಾರಣ್ಣನ ಹೊಟ್ಟೆಯೊಳಗೆ ಒಣಮೆಣಸಿನಕಾಯಿ ಹುರಿದ ಹಾಗಾಯಿತು. ಕೆಲಸ ಅಷ್ಟು ಚೆನ್ನಾಗಿತ್ತು. ಎಲ್ಲಾದರೂ ಒಂದು ತಪ್ಪು ಸಿಗಲಿ ದೇವರೇ ಎಂದು ಬಗ್ಗಿ ಬಗ್ಗಿ ನೋಡಿದ, ಸೊಂಟ ನೋವು ಬಂತೇ ಹೊರತು ತಪ್ಪು ಸಿಗಲಿಲ್ಲ.

"ಕೊರತೆ ಇದ್ರೆ ಹೇಳ್ರಿ ಉಸ್ತಾದ್," ಅಂದ ಅಶ್ವಥ್. ಆರು ವರ್ಷ ಹರಿಹರದಲ್ಲಿ ಮಾರಣ್ಣನ ಶೆಡ್ಡಿನಲ್ಲೇ ಕೆಲಸ ಕಲಿತು, ಹೋದ ಯುಗಾದಿಗೆ ದಾವಣಗೆರೆಯ ಸರಸ್ವತಿ ನಗರದಲ್ಲಿ ಈ ಸ್ವಂತ ಶೆಡ್ಡು ಹಾಕಿದವನು. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಾದರೂ ಇದ್ದಿದ್ದರೆ ಬೈದು ಹಗುರಾಗಬಹುದಿತ್ತಲ್ಲ ಎಂದು ಮಾರಣ್ಣನಿಗೆ ಅನಿಸಿತು.

ಕಾರು ಪಂಚಾಕ್ಷರಪ್ಪ ಸಾವ್ಕಾರರದು. ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆ, ಎರಡು ರೈಸ್ ಮಿಲ್ಲು, ಎಂಟು ಲಾರಿ, ಹಣೆ ತುಂಬ ವಿಭೂತಿ, ವಯಸ್ಸು ಅರವತ್ತರ ಮೇಲೆ. ಇಷ್ಟೆಲ್ಲ ಇದ್ದವರಿಗೆ ಒಂದು ಹುಚ್ಚೂ ಇರಬೇಕಲ್ಲ! ಜಪಾನಿನ ಎರಡು ಬಾಗಿಲಿನ ಕೆಂಪು ಟರ್ಬೊ ಕಾರು, ಎಂಬತ್ನಾಲ್ಕನೇ ಇಸವಿಯದು. ಒಂದು ಕಾಲಕ್ಕೆ ರೇಸಿನಲ್ಲಿ ಓಡಿದ್ದನ್ನು ಬೆಂಗಳೂರಿನಿಂದ ತಂದಿದ್ದರು. ಅದಕ್ಕೆ ಒಂದೇ ರೋಗ. ಆಕ್ಸಿಲರೇಟರ್ ಒತ್ತಿದರೆ ತಕ್ಷಣ ಏಳುತ್ತಿರಲಿಲ್ಲ. ಯೋಚನೆ ಮಾಡಿ, ಆಮೇಲೆ ಹಾರುತ್ತಿತ್ತು. ಆ ತಡವನ್ನು ಸಾವ್ಕಾರರು ಶಿವನಾಮದಲ್ಲಿ ಅಳೆಯುತ್ತಿದ್ದರು. ಪೆಡಲ್ ಒತ್ತಿ "ಶಿವಾ, ಶಿವಾ, ಶಿವಾ" ಅನ್ನುವುದು. ಮೂರನೇ ಶಿವನಿಗೆ ಕಾರು ಏಳುವುದು.

ಹತ್ತು ವರ್ಷ ಆ ಕಾರು ನೋಡಿಕೊಂಡ ಮಾರಣ್ಣ ಹೇಳಿದ್ದು ಒಂದೇ ಮಾತು: "ಟರ್ಬೊ ಅಂದ್ರೆ ಹಂಗೇ ಸಾವ್ಕಾರ್ರೆ. ಇಂಜಿನ್ ಹೊಗೆ ಹೋಗಿ ಒಳಗಿನ ಸಣ್ಣ ಚಕ್ರ ತಿರುಗಿಸ್ಬೇಕು, ಆ ಚಕ್ರ ಇಂಜಿನ್‌ಗೆ ಗಾಳಿ ತುಂಬ್ಬೇಕು. ಹಸಿವಾತು ಅಂತ ಬೇಯದ ಅನ್ನ ಉಣ್ಣಾಕಾಗ್ತೈತಾ?"

ಈಗ ನೋಡಿದರೆ ಈ ಅಶ್ವಥ್ ಹೊಗೆಯ ಪೈಪಿಗೆ, ರೈಸ್ ಮಿಲ್ಲಿನ ಬಾಯ್ಲರಿಗೆ ಸುತ್ತುವ ಕಲ್ನಾರಿನ ಪಟ್ಟಿಯನ್ನು ಒತ್ತೊತ್ತಾಗಿ ಸುತ್ತಿದ್ದ. ಉಬ್ಬುತ್ತಿದ್ದ ಹಳೆಯ ಉದ್ದನೆ ರಬ್ಬರ್ ಪೈಪು ಕಿತ್ತುಹಾಕಿ, ಗಾಳಿ ಹತ್ತಿರದ ದಾರಿಯಲ್ಲಿ ಹೋಗುವಂತೆ ಗಿಡ್ಡನೆಯ ಕಬ್ಬಿಣದ ಪೈಪು ಕೂರಿಸಿದ್ದ.

"ಯಾರು ಹೇಳಿಕೊಟ್ರು ನಿಂಗೆ?"

"ಯಾರೂ ಇಲ್ರಿ. ನಮ್ಮವ್ವ ಮಂಡಕ್ಕಿ ಭಟ್ಟೀಲಿ ದುಡಿದಾಕಿ. ಭಟ್ಟಿ ಬಿಸಿ ಹೊರಗೆ ಹೋದ್ರೆ ಅಕ್ಕಿ ಅರಳಲ್ಲ ಅಂತಿದ್ಲು. ಹೊಗೆ ಬಿಸಿ ಇದ್ದಷ್ಟೂ ಚಕ್ರ ಜಲ್ದಿ ತಿರುಗ್ತೈತೆ, ಅಲ್ವಾ ಉಸ್ತಾದ್?"

ಮಂಡಕ್ಕಿ ತಿಂದೇ ಬೆಳೆದ ತನಗೆ ಇದು ಹತ್ತು ವರ್ಷದಲ್ಲಿ ಹೊಳೆಯಲಿಲ್ಲವಲ್ಲ! ಮಾರಣ್ಣ ಬಾಯಿಗೊಂದು ಕೆಲಸ ಕೊಡಲು ಎಲೆ ತೆಗೆದು, ಡಬ್ಬಿಯ ಸುಣ್ಣವನ್ನು ಹೆಬ್ಬೆರಳಿನಿಂದ ಸವರತೊಡಗಿದ.

ಆಗಲೇ ಅವನ ಕಣ್ಣಿಗೆ ಹಳದಿ ಗೆರೆಗಳು ಬಿದ್ದವು. ಬಿಗಿ ಮಾಡಿದ ಪ್ರತಿ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹಕ್ಕೆ ಒಂದು ಗೆರೆ ಎಳೆಯುವುದು ಮಾರಣ್ಣನ ಪದ್ಧತಿ. ಆಮೇಲೆ ಯಾರಾದರೂ ಮುಟ್ಟಿದರೆ ಗೆರೆ ತಪ್ಪಿ ಗೊತ್ತಾಗುತ್ತದೆ. ಅವನು ಎಳೆಯುತ್ತಿದ್ದುದು ಎಲೆಯಡಿಕೆಯ ಸುಣ್ಣದಲ್ಲಿ. ಬಿಳಿ ಗೆರೆ ಕಂಡರೆ ಮಲೆಬೆನ್ನೂರಿನಿಂದ ದಾವಣಗೆರೆಯವರೆಗೆ ಲಾರಿ ಡ್ರೈವರುಗಳು "ಇದು ಮಾರಣ್ಣನ ಕೈ" ಅನ್ನುತ್ತಿದ್ದರು. ಅಶ್ವಥ್ ಅದನ್ನೂ ಕದ್ದಿದ್ದ, ಕದ್ದು ಹಳದಿ ಪೇಂಟಿನಲ್ಲಿ ಎಳೆದಿದ್ದ. ಭಾರಿ ಶೋಕಿ ಬಂತು ಮಗನಿಗೆ!

ಸಾವ್ಕಾರರು ನಿನ್ನೆಯೇ ಹೇಳಿ ಕಳಿಸಿದ್ದರು. ಕಾರು ಒಂದು ಶಿವನಿಗೆ ಎದ್ದರೆ ಸೋಮವಾರದಿಂದ ಎಂಟೂ ಲಾರಿ ಅಶ್ವಥನ ಶೆಡ್ಡಿಗೆ, ಏಳದಿದ್ದರೆ ಮೊದಲಿನಂತೆ ಮಾರಣ್ಣನಿಗೆ. ಹಿರಿಯನಾಗಿ ನೀನೇ ಜೊತೆಗೆ ಕೂತು ನೋಡಬೇಕು ಎಂದು ಬೇರೆ. ಆ ಎಂಟು ಲಾರಿ ಹೋದರೆ ಹರಿಹರದ ಶೆಡ್ಡಿನಲ್ಲಿ ನೊಣ ಹೊಡೆಯುವುದೇ ಕೆಲಸ.

ಗೇಟಿನ ಹೊರಗೆ ಸಾವ್ಕಾರರ ಅಂಬಾಸಿಡರ್ ಬಂದು ನಿಂತಿತು. ಅಶ್ವಥ್ ಎದುರುಗೊಳ್ಳಲು ಓಡಿದ. ಗಾಳಿಯ ಪೈಪಿನ ಕೊನೆಯ ಕ್ಲಿಪ್ಪು ಮಾರಣ್ಣನ ಮುಂದೆಯೇ ಇತ್ತು, ಸ್ಕ್ರೂಡ್ರೈವರ್ ಅದರ ಪಕ್ಕದಲ್ಲೇ ಇತ್ತು. ಕೈ ತಾನಾಗಿ ಹೋಯಿತು ಎಂದು ಆಮೇಲೆ ಅವನು ತನಗೆ ತಾನೇ ಹೇಳಿಕೊಂಡದ್ದುಂಟು. ಸುಳ್ಳು. ಗೇಟಿನ ಕಡೆ ಎರಡು ಸಲ ನೋಡಿಯೇ ತಿರುಗಿಸಿದ್ದು. ಎರಡೂವರೆ ಸುತ್ತು ಸಡಿಲ ಮಾಡಿ, ಬಾನೆಟ್ ಹಾಕಿ, ಎಲೆ ಬಾಯಿಗಿಟ್ಟುಕೊಂಡ.

ಸಾವ್ಕಾರರೇ ಸ್ಟೀರಿಂಗ್ ಹಿಡಿದರು. ಪಕ್ಕದಲ್ಲಿ ಮಾರಣ್ಣ, ಹಿಂದೆ ಮೊಣಕಾಲು ಮಡಚಿಕೊಂಡು ಅಶ್ವಥ್. ಊರು ದಾಟಿ ಹರಿಹರದ ರಸ್ತೆ ಖಾಲಿ ಸಿಕ್ಕಿದ್ದೇ ಪೆಡಲ್ ಒತ್ತಿದರು.

"ಶಿವಾ... ಶಿವಾ... ಶಿವಾ... ಶಿವಾ! ಏನೋ ಇದು, ಮೊದ್ಲಿಗಿಂತ ಕಡೆ ಆತಲ್ಲೋ!"

ಬಾನೆಟ್ಟಿನೊಳಗಿಂದ ಗಾಳಿ ಸೋರುವ ಬುಸ್ ಎಂಬ ಸದ್ದು ಕೇಳುತ್ತಿತ್ತು. ಮಾರಣ್ಣನಿಗೆ ಬಹಳ ದಿನದ ಮೇಲೆ ಎಲೆಯಡಿಕೆ ರುಚಿಸಿತು. "ಹೋಗ್ಲಿ ಬಿಡ್ರಿ ಸಾವ್ಕಾರ್ರೆ. ಹುಡುಗ್ರು, ಅವಸರ ಮಾಡ್ತಾರೆ," ಅಂದ. ಆಹಾ, ಎಷ್ಟು ಒಳ್ಳೆಯ ಮನಸ್ಸು!

"ಸ್ವಲ್ಪ ನಿಲ್ಲಿಸ್ರಿ," ಅಂದ ಅಶ್ವಥ್.

ಹುಣಸೆಮರದ ಕೆಳಗೆ ನಿಲ್ಲಿಸಿದರು. ಅಶ್ವಥ್ ಇಳಿದು ಬಾನೆಟ್ ಎತ್ತಿದ, ಮಾರಣ್ಣ ಪಕ್ಕಕ್ಕೆ ಬಂದು ನಿಂತ. ಕೊನೆಯ ಕ್ಲಿಪ್ಪಿನ ಸ್ಕ್ರೂವಿನಲ್ಲಿ ಹಳದಿ ಗೆರೆ ತಪ್ಪಿ ಹೋಗಿತ್ತು, ಅದರ ಮೇಲೆ ಬೆಳ್ಳಗೆ ಸುಣ್ಣದ ಗೆರೆ ಎದ್ದು ಕಾಣುತ್ತಿತ್ತು. ಮೂವತ್ತು ವರ್ಷದ ಚಟ. ಸ್ಕ್ರೂಡ್ರೈವರ್ ಮೇಲೆತ್ತಿದ ಮರುಕ್ಷಣ ಹೆಬ್ಬೆರಳು ಹೋಗಿ ಗುರುತು ಹಾಕಿ ಬಂದಿತ್ತು. ಕಳ್ಳತನ ಮಾಡಿ ಕೆಳಗೆ ಸಹಿ ಹಾಕಿದ ಹಾಗೆ!

ಅಶ್ವಥ್ ಗೆರೆ ನೋಡಿದ. ಮಾರಣ್ಣನ ಹೆಬ್ಬೆರಳು ನೋಡಿದ. ಮುಖ ನೋಡಲಿಲ್ಲ. ಸಾವ್ಕಾರರು ಬಾಗಿಲಿಗೆ ಸಿಕ್ಕಿದ ಪಂಚೆ ಬಿಡಿಸಿಕೊಂಡು ಇತ್ತ ಬರುವಷ್ಟರಲ್ಲಿ ಸುಣ್ಣವನ್ನು ಬೆರಳಿನಿಂದ ಒರೆಸಿ ಹಾಕಿದ್ದ.

"ನಂದೇ ತಪ್ಪು ಸಾವ್ಕಾರ್ರೆ. ಈ ಕ್ಲಿಪ್ ಬಿಗಿ ಮಾಡೋದು ಮರ್ತಿದ್ದೆ."

"ಮರ್ತಿದ್ದೆ ಅಂತೀಯಲ್ಲೋ! ನಾಳೆ ಲಾರಿ ಕೊಟ್ರೆ ಬ್ರೇಕ್ ಮರೀತೀಯೇನು?"

ಅಶ್ವಥ್ ತಲೆ ತಗ್ಗಿಸಿ ಬೈಸಿಕೊಂಡ. ಕ್ಲಿಪ್ಪು ಬಿಗಿ ಮಾಡಿ, ಮಾರಣ್ಣನ ಮುಂದೆ ಅಂಗೈ ಚಾಚಿದ. "ಪೇಂಟ್ ತಂದಿಲ್ಲ ಉಸ್ತಾದ್. ನಿಮ್ಮ ಸುಣ್ಣ ಕೊಡ್ರಿ."

ಮಾರಣ್ಣ ಡಬ್ಬಿ ಕೊಟ್ಟ. ಅಶ್ವಥ್ ಒಂದು ನೀಟಾದ ಗೆರೆ ಎಳೆದು, ಡಬ್ಬಿಯನ್ನು ಕೆಲಸದ ಗಡಿಬಿಡಿಯಲ್ಲಿ ತನ್ನ ಜೇಬಿಗೇ ಹಾಕಿಕೊಂಡ.

ಮತ್ತೆ ಹೊರಟರು. ಸಾವ್ಕಾರರು ಪೆಡಲ್ ಒತ್ತಿ "ಶಿ" ಅನ್ನುವುದರೊಳಗೆ ಕಾರು ಚಿಮ್ಮಿತು, "ವಾ" ಗಂಟಲಲ್ಲೇ ಉಳಿಯಿತು. ಮುದುಕರು ಚಿಕ್ಕ ಹುಡುಗನಂತೆ ಕಿಲಕಿಲ ನಕ್ಕರು. ಒಂದು ಮೈಲಿ ಹೋದ ಮೇಲೆ ನಗು ನಿಲ್ಲಿಸಿ ಗಂಭೀರವಾದರು.

"ಕಾರೇನೋ ಎದ್ದೈತೆ. ಆದ್ರೆ ಮರೆಯೋ ಕೈಗೆ ಎಂಟು ಲಾರಿ ಹೆಂಗೆ ಕೊಡ್ಲಿ? ಬ್ಯಾಡ ಅನ್ಸುತ್ತೆ. ನೀನೇನಂತೀ ಮಾರಣ್ಣ?"

ಸುಮ್ಮನಿದ್ದರೆ ಸಾಕಿತ್ತು. ಲಾರಿಗಳು ಉಳಿಯುತ್ತಿದ್ದವು. ಹಿಂದಿನ ಸೀಟಿನಿಂದ ಒಂದು ಮಾತಾದರೂ ಬರಲಿ ಎಂದು ಮಾರಣ್ಣ ಕಾದ. ಬರಲಿಲ್ಲ. ಕಲ್ನಾರಿನ ಪಟ್ಟಿ ಕಂಡು ಉರಿಯದಷ್ಟು ಹೊಟ್ಟೆ ಈ ಮೌನಕ್ಕೆ ಉರಿಯಿತು. ಅವನ ಜಾಗದಲ್ಲಿ ನಾನಿದ್ದರೆ ಆ ಸುಣ್ಣವನ್ನು ಊರಿಗೆಲ್ಲ ತೋರಿಸುತ್ತಿದ್ದೆ. ಕೆಲಸದಲ್ಲಿ ಮೀರಿಸಿದ, ಆಯಿತು. ಇದರಲ್ಲೂ ಮೀರಿಸಬೇಕಾ ಈ ಹುಡುಗ?

"ಅವ ಮರ್ತಿರ್ಲಿಲ್ಲ ಸಾವ್ಕಾರ್ರೆ," ಅಂದ. ದನಿ ಜಗಳಕ್ಕೆ ಬಂದವನ ದನಿಯಂತಿತ್ತು. "ಕ್ಲಿಪ್ ಸಡಿಲ ಮಾಡಿದ್ದು ನಾನು. ಲಾರಿ ಅವ್ನಿಗೇ ಕಳಿಸ್ರಿ."

ಸಾವ್ಕಾರರು ಅವನ ಕಡೆ ತಿರುಗಲಿಲ್ಲ. ಕಾರು ನಿಧಾನ ಮಾಡಿದರು. ಹರಿಹರದವರೆಗೂ ಅದೇ ನಿಧಾನದಲ್ಲಿ ಓಡಿಸಿದರು. ಶೆಡ್ಡಿನ ಮುಂದೆ ಇಳಿಯುವಾಗ ಹಿಂದಿನಿಂದ ಅಶ್ವಥ್ "ಉಸ್ತಾದ್" ಅಂದ. ಮಾರಣ್ಣ ಕೇಳಿಸದವನಂತೆ ಬಾಗಿಲು ಹಾಕಿದ.

ಶೆಡ್ಡಿನಲ್ಲಿ ಸಾವ್ಕಾರರ ಒಂದು ಲಾರಿ ಬಾನೆಟ್ ತೆರೆದುಕೊಂಡು ನಿಂತಿತ್ತು, ಸೋಮವಾರದವರೆಗೆ ಅದು ಇಲ್ಲಿಯದೇ. ಅದರ ಬಂಪರಿನ ಮೇಲೆ ಕೂತು ಮಾರಣ್ಣ ಎಲೆ ತೆಗೆದ, ಅಡಿಕೆ ಇಟ್ಟ, ಡಬ್ಬಿಗೆ ಜೇಬು ತಡಕಿದ. ಇರಲಿಲ್ಲ. ಸುಣ್ಣವಿಲ್ಲದೆಯೇ ಮಡಚಿ ಬಾಯಿಗಿಟ್ಟುಕೊಂಡು ಜಗಿದ, ಸುಮಾರು ಹೊತ್ತು ಜಗಿದ. ಆಮೇಲೆ ಲಾರಿಯ ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿಕೊಂಡ. ಕೆಂಪಾಗಿರಲಿಲ್ಲ.